ಇಸ್ತ್ರಿ ಅಂಗಡಿಯಲ್ಲಿ ಕೆಂಪು ವೈನ್

ಪುಟ್ಟಿಗೆ ನಲವತ್ತು ದಾಟಿದೆ. ಆದರೂ ಅಕ್ಕ ಕರೆಯುವ ಹಾಗೆಯೇ ಬೀದಿಯವರೆಲ್ಲ ಕರೆಯುತ್ತಾರೆ, ಅವಳು ಕೆಲಸ ಮಾಡುವ ವೈನ್ ಅಂಗಡಿಯ ಯಜಮಾನರೂ ಸೇರಿ. ಆ ಅಂಗಡಿಯಲ್ಲಿ ಬಾಗಿಲು ದಾಟಿ ಬಂದವರ ಮುಖ ನೋಡಿದರೆ ಸಾಕು, ಯಾವ ಬಾಟಲಿ ಅವರ ಕೈಗೆ ಹೋಗಬೇಕೆಂದು ಅವಳಿಗೆ ಹೊಳೆದುಬಿಡುತ್ತದೆ.

ಈ ಸಲದ ವೈನ್ ಮೇಳದಲ್ಲಿ ಫ್ರಾನ್ಸಿನ ಕೆಂಪು ವೈನುಗಳ ಮೇಜನ್ನು ಯಜಮಾನರು ಮೊದಲ ಬಾರಿಗೆ ಅವಳಿಗೆ ಒಪ್ಪಿಸಿದ್ದರು. ಜನ ರುಚಿ ನೋಡಲು ನಾಲ್ಕು ವೈನು, ಆಯ್ಕೆಯೆಲ್ಲ ಅವಳದು. ಹೋದ ವರ್ಷ ಆರಿಸಿದವನು ಅವರ ಅಳಿಯ, ಆಗ ಮೇಜಿನತ್ತ ಜನ ಸುಳಿದದ್ದೇ ಕಡಿಮೆ. ಮೇಜು ಸೋತರೆ ಅದು ಮತ್ತೆ ಅಳಿಯನ ಪಾಲು ಎಂದು ಅವರು ನಗುನಗುತ್ತಲೇ ಹೇಳಿದ್ದರು.

ಅಳಿಯ ಎಡವಿದ್ದೆಲ್ಲಿ ಎಂಬುದು ಪುಟ್ಟಿಗೆ ಗೊತ್ತಿತ್ತು. ಅವನು ತಣ್ಣನೆಯ ನೆಲಮಾಳಿಗೆಯಲ್ಲಿ ಆರಾಮವಾಗಿ ಕೂತು ರುಚಿ ನೋಡಿದ್ದ. ಮೇಳದಲ್ಲಿ ಜನ ಕುಡಿಯುವುದು ಬಿಸಿಲಿಗೆ ಕಾದ ಡೇರೆಯೊಳಗೆ, ನಿಂತುಕೊಂಡು, ಪಕ್ಕದವರ ಮೊಣಕೈ ತಿವಿಯುತ್ತಿರುವಾಗ.

ಅದಕ್ಕೇ ಅವಳು ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ನಡುಮಧ್ಯಾಹ್ನ ಅಕ್ಕನ ಇಸ್ತ್ರಿ ಅಂಗಡಿಗೆ ಹೋದಳು. ಹಬೆಯಾಡುವ ಆ ಕೋಣೆಯಲ್ಲಿ, ಮಡಚಿಟ್ಟ ಅಂಗಿಗಳ ರಾಶಿಯ ಪಕ್ಕ ನಿಂತು, ಅಕ್ಕತಂಗಿಯರು ಒಂದೊಂದನ್ನೇ ಗುಟುಕರಿಸಿದರು. ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ದುಬಾರಿ ವೈನು ಆ ಸೆಕೆಗೆ ಬರೀ ಉರಿಯಾಗಿ ಮೂಗಿಗೆ ಹೊಡೆಯಿತು.

"ಗಾಯಕ್ಕೆ ಹಚ್ಚೋ ಔಷಧಿ ಥರ ಇದೆಯಲ್ಲೇ. ಇದಕ್ಕೂ ದುಡ್ಡು ಕೊಡೋರಿದ್ದಾರಾ?" ಎಂದಳು ಅಕ್ಕ.

"ಚಳಿಗಾಲದಲ್ಲಿ ಊಟದ ಜೊತೆ ಕೊಟ್ರೆ ನೀನೇ ಇನ್ನೊಂದು ಲೋಟ ಕೇಳ್ತೀಯ. ಇವತ್ತು ಅದರ ದಿನ ಅಲ್ಲ, ಬಿಡು."

ಬೊಜೊಲೆ ಪ್ರಾಂತ್ಯದ ತೆಳು ವೈನನ್ನು ತಣ್ಣೀರಿನಲ್ಲಿಟ್ಟು ಕೊಟ್ಟಾಗ ಅಕ್ಕ ಒಂದೇ ಗುಟುಕಿಗೆ ಮುಗಿಸಿದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟು ಮತ್ತೆ ಲೋಟ ಚಾಚಿದಳು. ಲುವಾರ್ ಕಡೆಯದೊಂದು, ಬರ್ಗಂಡಿಯದೊಂದು ಹಾಗೆಯೇ ಗೆದ್ದವು. ನಾಲ್ಕನೆಯದಕ್ಕೆ ಬಂದಾಗ ಮಾತ್ರ ಪುಟ್ಟಿ ಪಟ್ಟು ಸಡಿಲಿಸಿದಳು. ರೋನ್ ಕಣಿವೆಯ ಆ ದಪ್ಪ ವೈನು ಸೆಕೆಯಲ್ಲಿ ಸೋತಿತ್ತು, ಆದರೆ ಅದು ಯಜಮಾನರ ಅಚ್ಚುಮೆಚ್ಚು. ಇರಲಿ ಎಂದು ಸೇರಿಸಿಕೊಂಡಳು. ಯಜಮಾನರಿಗೆ ಬೆಣ್ಣೆ ಹಚ್ಚುತ್ತಿದ್ದೀಯ ಎಂದು ಅಕ್ಕ ಛೇಡಿಸಿದರೆ, ಕೇಳಿಸದವಳಂತೆ ಬಿರಡೆ ಒತ್ತಿದಳು.

ಮೇಳದ ದಿನ ಮಂಜುಗಡ್ಡೆಯ ಬೋಗುಣಿಯಲ್ಲಿಟ್ಟ ಮೂರು ವೈನುಗಳ ಮುಂದೆ ಜನ ನೆರೆದರು. ನಾಲ್ಕನೆಯದನ್ನು ಮೊದಲು ಕೇಳಿದವರು ಮಾತ್ರ ಒಂದು ಗುಟುಕಿಗೇ ಮುಖ ಕಿವಿಚಿ, ಉಳಿದದ್ದನ್ನು ಚೆಲ್ಲಿ, ಮಿಕ್ಕವನ್ನು ಮುಟ್ಟದೆ ಪಕ್ಕದ ಮೇಜಿಗೆ ಸರಿದರು. ಪುಟ್ಟಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಬಾಟಲಿಯನ್ನು ಎತ್ತಿ ಮೇಜಿನ ಕೆಳಗಿಟ್ಟಳು.

ಅಷ್ಟರಲ್ಲೇ ಯಜಮಾನರು ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದರು. ಅವರ ಕಣ್ಣು ಹುಡುಕಿದ್ದು ಅದನ್ನೇ.

"ನನ್ನದೆಲ್ಲಿ, ಪುಟ್ಟಿ?"

"ತೆಗೆದಿಟ್ಟೆ ಸಾರ್. ಜನ ಓಡ್ತಿದ್ರು."

"ಕೇಳಬೇಕಿತ್ತು ನನ್ನ."

"ನಿಮ್ಮನ್ನ ಮೆಚ್ಚಿಸೋಕೆ ಇಟ್ಟಿದ್ದೆ, ಅದು ನನ್ನ ತಪ್ಪು. ಮೇಜು ನನಗೆ ಕೊಟ್ಟಿದ್ದೀರಲ್ಲ, ಮೂರರಲ್ಲೇ ನಡೆಸ್ತೀನಿ."

ಗೆಳೆಯರಿಬ್ಬರಿಗೂ ಬೊಜೊಲೆ ಸುರಿದು ಕೊಟ್ಟಳು. ಅವರು ಲೋಟ ಬರಿದು ಮಾಡಿ, ಅಲ್ಲೇ ನಿಂತು, ಇದು ಯಾವ ಊರಿನದು ಎಂದು ವಿಚಾರಿಸತೊಡಗಿದರು. ಅವರ ಹಿಂದೆ ಸಾಲು ಬೆಳೆಯುತ್ತಿತ್ತು.

ಯಜಮಾನರು ಆ ಸಾಲನ್ನು ನೋಡಿದರು. ಕೋಟು ಕಳಚಿ ಕುರ್ಚಿಗೆ ತೂಗುಹಾಕಿದರು, ಅಂಗಿಯ ತೋಳು ಮಡಚಿಕೊಂಡು ಮೇಜಿನ ಈಚೆಗೆ, ಪುಟ್ಟಿಯ ಪಕ್ಕಕ್ಕೆ ಬಂದರು.

"ಯಾವುದು ಮೊದಲು ಸುರೀಲಿ?"

"ತೆಳುವಾದದ್ದು ಸಾರ್," ಎಂದಳು ಪುಟ್ಟಿ. "ಲೋಟ ಪೂರ್ತಿ ತುಂಬಿಸಬೇಡಿ."