ಮೈಲಮ್ಮನ ಕೂಗು, ಮೈಲಮ್ಮನ ಗಂಟು

ಮಕ್ತಲ್ ಕಡೆಯ ಕುರಿಗಾರರಲ್ಲಿ ಮೈಲಮ್ಮನ ಕೂಗು ಹೆಸರುವಾಸಿ. ಜೂರಾಲ ಜಲಾಶಯದ ದಂಡೆಯಲ್ಲಿ ನಿಂತು ಅವಳು ಒಮ್ಮೆ ಕೂಗಿದರೆ ಎಷ್ಟು ದೂರದ ಕುರಿಯೂ ಬಾಯಿಗೆ ಬಂದ ಹುಲ್ಲು ಬಿಟ್ಟು ತಿರುಗುತ್ತಿತ್ತು. ಗಂಡ ಭೀಮಣ್ಣ ಮಾತ್ರ ಯಾವತ್ತೂ ತಿರುಗಿದವನಲ್ಲ, ಅದು ಬೇರೆ ಮಾತು. ಐವತ್ತೆರಡರ ವಯಸ್ಸಿಗೆ ಅವಳ ಶ್ವಾಸಕೋಶಕ್ಕೆ ಕ್ಷಯ ಹಿಡಿಯಿತು. ಕೂಗಲು ಬಾಯಿ ತೆರೆದರೆ ಬರೀ ಕೆಮ್ಮು. ಕುರಿಗಳು ಕಿವಿ ಆಡಿಸಿ ತಮ್ಮ ಪಾಡಿಗೆ ತಾವು ಮೇದವು. ಅವತ್ತು ಅವಳು ಅತ್ತದ್ದು ರೋಗಕ್ಕಲ್ಲ, ಅದಕ್ಕೆ.

ಕೂಗು ಮರಳಿ ಬರಬೇಕೆಂದೇ ಆರು ತಿಂಗಳ ಗುಳಿಗೆಗೆ ಒಪ್ಪಿದಳು. ಆಶಾ ಕಾರ್ಯಕರ್ತೆ ಶಿರಿಷಾ ದಿನಾ ಮುಂಜಾನೆ ಬಂದು ಎದುರಿಗೇ ನುಂಗಿಸುತ್ತಿದ್ದಳು. ಒಂದೂವರೆ ತಿಂಗಳಿಗೆ ಕೆಮ್ಮು ಇಳಿಯಿತು, ರೊಟ್ಟಿ ರುಚಿಸಿತು. ಅಷ್ಟರಲ್ಲಿ ಜ್ವರ ಮತ್ತೆ ಬಂತು. ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತು.

ಮೈಲಮ್ಮ ಹಟ್ಟಿಯ ಬುದ್ಧಿ ಓಡಿಸಿದಳು. ಔಷಧಿ ಕುಡಿದ ಕುರಿ ಮಂಕಾದರೆ ಅದನ್ನೇ ಮತ್ತೆ ಕುಡಿಸಬಾರದು. ಮೂವತ್ತು ವರ್ಷ ಹಿಂಡು ಉಳಿಸಿದ್ದು ಹೀಗೆಯೇ. ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು, ಶಿರಿಷಾ ಬೆನ್ನು ತಿರುಗಿಸುತ್ತಲೇ ಉಗುಳಿ, ಉಣ್ಣೆ ಚೀಲದಲ್ಲಿ ಬಚ್ಚಿಟ್ಟಳು. ಬಲು ಜಾಣೆ! ಐದನೇ ದಿನ ಶಿರಿಷಾ, "ಅಕ್ಕಾ, ಉಚ್ಚಿ ಇನ್ನೂ ಕೆಂಪಗ ಹೊಂಟೈತೇನು?" ಎಂದಳು.

"ಇಲ್ಲವ್ವಾ, ಈಗ ನೆಟ್ಟಗಾಗೈತಿ," ಎಂದು ಹೆಮ್ಮೆಯಿಂದ ಹೇಳಿ ಸಿಕ್ಕಿಬಿದ್ದಳು. ಕ್ಷಯದ ಆ ಗುಳಿಗೆ ನುಂಗಿದರೆ ಮೂತ್ರ ಕೆಂಪಗಾಗಲೇಬೇಕು.

ಶಿರಿಷಾ ಬೈಯಲಿಲ್ಲ. ಆಟೋ ಹತ್ತಿಸಿ ನಾರಾಯಣಪೇಟೆ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗಂಟಿಗೆ ಸೂಜಿ ಚುಚ್ಚಿ ಪರೀಕ್ಷಿಸಿ, ಎಕ್ಸ್‌ರೇ ನೋಡಿದರು.

"ರೋಗ ಹೆಚ್ಚಾಗಿಲ್ಲಮ್ಮಾ. ಮೈ ಕಾಯೋ ಕಣಗಳು ಅದಾವ ನೋಡ್ರಿ, ರೋಗ ಜೋರಿದ್ದಾಗ ಅವು ಸೋತು ಸುಮ್ಮನಿದ್ವು. ಗುಳಿಗಿಗೆ ಹುಳ ಸಾಯಾಕ ಹತ್ತಿದ ಮ್ಯಾಲೆ ಎದ್ದು ಒಮ್ಮೆಲೇ ಮುಗಿಬಿದ್ದಾವ. ಎದಿಯೊಳಗೂ ಅದೇ, ಕುತ್ತಿಗ್ಯಾಗೂ ಅದೇ. ಆ ಜಗಳಕ್ಕ ಈ ಬಾವು, ಜ್ವರ."

ಮೈಲಮ್ಮ ಗಂಟು ಮುಟ್ಟಿಕೊಂಡಳು. ಕುರಿಗಳಿಗೆ ಸಿಡುಬಿನ ಸೂಜಿ ಹಾಕಿಸಿದಾಗಲೆಲ್ಲ ಚುಚ್ಚಿದ ಜಾಗ ಒತ್ತಿ ನೋಡುವವಳು ಅವಳೇ. ಗಂಟು ಎದ್ದರೆ ಸೂಜಿ ಹತ್ತಿತು, ಕೆಲಸ ಮಾಡಿತು ಎಂದು ನೆಮ್ಮದಿ. ಗಂಟು ಕಂಡು ಗಾಬರಿಯಾದ ಭೀಮಣ್ಣನಿಗೆ ಎಷ್ಟು ಸಲ ಬೈದಿದ್ದಳೋ!

"ಹಂಗಾರ ನನಗ ಗುಳಿಗಿ ಹತ್ತೈತೇನ್ರೀ?"

"ಹತ್ತೈತಿ. ಬಿಡಬ್ಯಾಡ್ರಿ."

ಮನೆಗೆ ಬಂದವಳೇ ಉಣ್ಣೆ ಚೀಲ ಕೊಡವಿದಳು. "ಎಲ್ಲಾ ಈಗ ನುಂಗಿಬಿಡ್ತೀನಿ."

ಶಿರಿಷಾ ಕಸಿದುಕೊಂಡಳು. "ಬ್ಯಾಡಕ್ಕಾ! ಇವತ್ತಿಂದು ಇವತ್ತಷ್ಟೇ."

ಮೂರು ವಾರ ಜ್ವರ ಬಿಡಲಿಲ್ಲ. ಮೈಲಮ್ಮನೂ ಬಿಡಲಿಲ್ಲ. ನುಂಗಿ, ನಾಲಿಗೆ ಎತ್ತಿ ತೋರಿಸುತ್ತಿದ್ದಳು. ಗಂಟು ನಿಧಾನಕ್ಕೆ ಕರಗಿತು. ತಪ್ಪಿಸಿದ ದಿನಗಳನ್ನೂ ಮುಂದೆ ಸೇರಿಸಿ ಪೂರ್ತಿ ಮುಗಿಸಿದಳು.

ಮುಗಿದ ಮರುದಿನ ಜೂರಾಲದ ದಂಡೆಗೆ ಹೋಗಿ, ಎದೆ ತುಂಬ ಉಸಿರು ಎಳೆದು ಕೂಗಿದಳು. ಕುರಿಗಳು ಹುಲ್ಲು ಬಿಟ್ಟು ತಲೆ ಎತ್ತಿದವು. ಅವುಗಳಿಗಿಂತ ಮೊದಲು ತಿರುಗಿದವನು ಭೀಮಣ್ಣ.