ಏಳನೇ ಚೌಕದ ಒಳಲೆ

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಮಣ್ಣು ಅಗೆದು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುವುದು ನನ್ನ ಕೆಲಸವಾಗಿತ್ತು. ಅಗೆಯುವ ಮೊದಲೇ ಪುಸ್ತಕ ತುಂಬಿಸಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ. ಚಿಕ್ಕಯ್ಯನಛತ್ರದ ಹತ್ತಿರ ಹಳೆಯ ಹಿಪ್ಪುನೇರಳೆ ತೋಟವೊಂದು ಕಾರ್ಖಾನೆಗೆ ಹೋಗುವುದಿತ್ತು. ನೆಲ ಮಟ್ಟ ಮಾಡುವ ಮೊದಲು ಅಲ್ಲಿ ಹಳೆಯ ಕಾಲದ ಅವಶೇಷ ಏನಾದರೂ ಇದೆಯೇ ಎಂದು ನೋಡಲು ಪುರಾತತ್ವ ಇಲಾಖೆಯವರು ನಮ್ಮನ್ನು ಕಳಿಸಿದ್ದರು. ಗೂಟ ಹೊಡೆದು, ದಾರ ಕಟ್ಟಿ, ಏಳು ಚೌಕ ಮಾಡಿಕೊಂಡು ಅಗೆಯುತ್ತಿದ್ದೆವು. ಆರು ಮುಗಿದರೂ ಹೆಂಚಿನ ಚೂರು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ, ಮಣ್ಣು ಹೊರಲು ಬರುತ್ತಿದ್ದ ಸಣ್ಣಮ್ಮ ಬುಟ್ಟಿ ಇಳಿಸಿ ನನ್ನ ಹತ್ತಿರ ಬಂದರು. ಹಿಂದೆ ಇದೇ ತೋಟದಲ್ಲಿ ಸೊಪ್ಪು ಬಿಡಿಸುತ್ತಿದ್ದವರು.

“ನನ್ ಚೊಚ್ಚಲ್ ಕೂಸ್ನ ಇಲ್ಲೇ ಮಣ್ ಮಾಡಿದ್ದು ಸಾ. ಆಲು ಕುಡುಸ್ತಿದ್ದ ಒಳಲೇನೂ ಜೊತೇಲೇ ಮಡುಗಿದ್ದೋ. ಗುರ್ತಿಗೆ ಇಟ್ಟಿದ್ ಕಲ್ಲು ಉಳೋವಾಗ ಎಲ್ಲೋ ಓಯ್ತು. ನಾಳೆ ಮಿಷಿನ್ ಬತ್ತದಂತೆ. ಜಾಗ ಸಿಕ್ರೆ ಒಂದ್ ಬೊಗಸೆ ಮಣ್ಣ ತಕ್ಕೊತೀನಿ.”

ನಾವು ಹುಡುಕುವುದು ಅದನ್ನಲ್ಲಮ್ಮ ಎಂದು ಹೇಳಿ, ದಾಖಲೆ ಪುಸ್ತಕದಲ್ಲಿ ಏಳನೇ ಚೌಕದ ಪುಟ ತೆರೆದೆ. ಅಲ್ಲಿ ಆಗಲೇ ಬರೆದಿತ್ತು: ‘ಈಶಾನ್ಯ ಮೂಲೆ, ಒಂದೂವರೆ ಅಡಿ ಆಳ, ಹಿತ್ತಾಳೆ ಒಳಲೆ ಒಂದು.’ ಅಕ್ಷರ ನನ್ನದೇ. ತಾರೀಖು ಹಿಂದಿನ ದಿನದ್ದು. ಪುಸ್ತಕ ನನ್ನ ಚೀಲ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಆ ಚೌಕಕ್ಕೆ ಇನ್ನೂ ಗುದ್ದಲಿ ಬಿದ್ದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆಗ ಭಯವಾಗಲಿಲ್ಲ, ನಾಚಿಕೆಯಾಯಿತು. ಜೊತೆಯವರು ನೋಡಿಬಿಟ್ಟರೆ ಎಂದು ಪುಸ್ತಕ ಮುಚ್ಚಿದೆ.

ಆ ಮೂಲೆಯನ್ನು ನಾನೇ ಅಗೆದೆ. ಒಂದೂವರೆ ಅಡಿಗೆ ಹಿತ್ತಾಳೆ ತಗುಲಿತು. ಒಳಲೆಯ ಮೂತಿ ಸ್ವಲ್ಪ ನೆಗ್ಗಿತ್ತು. ಸಣ್ಣಮ್ಮ ಅಳಲಿಲ್ಲ. ಸೆರಗಿನಲ್ಲಿ ಒರೆಸಿ ನೋಡಿ, “ಇದೇಯ ಸಾ” ಎಂದರು. ಆಮೇಲೆ ಕೂತು, ಅಲ್ಲಿಯ ಮಣ್ಣನ್ನು ಮಡಿಲಿಗೆ ತುಂಬಿಕೊಂಡರು.

ಸಿಕ್ಕಿದ್ದನ್ನೆಲ್ಲ ಕಚೇರಿಗೆ ಒಪ್ಪಿಸಬೇಕೆಂಬುದು ನಿಯಮ. ನಾನು ಒಳಲೆಯನ್ನು ಆಕೆಯ ಕೈಯಲ್ಲೇ ಬಿಟ್ಟೆ. ವರದಿಯಲ್ಲಿ ‘ಏಳನೇ ಚೌಕ: ಏನೂ ಸಿಕ್ಕಿಲ್ಲ’ ಎಂದು ಬರೆದೆ.

ಆಕೆ ಅದಕ್ಕೂ ಮೊದಲು ಯಾರ ಹತ್ತಿರವೋ ಹೇಳಿಕೊಂಡದ್ದು ನನ್ನ ಕಿವಿಗೆ ಬಿದ್ದು, ದಣಿವಿನಲ್ಲಿ ನಾನೇ ಅದನ್ನು ಗೀಚಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಜಾಗ ಆಕೆಗೇ ಗೊತ್ತಿರಲಿಲ್ಲವಲ್ಲ. ಆ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ. ಸಿಗುವ ಮೊದಲೇ ಸಿಕ್ಕಿತೆಂದು ಬರೆದವನೂ ನಾನೇ, ಸಿಕ್ಕ ಮೇಲೆ ಸಿಗಲಿಲ್ಲವೆಂದು ಬರೆದವನೂ ನಾನೇ. ಎರಡನೆಯದು ಯಾಕೆಂದು ಯಾರು ಕೇಳಿದರೂ ಹೇಳಬಲ್ಲೆ.