ಪಳನಣ್ಣನ ಸೀರೆಯುಟ್ಟ ಹುಳುಗಳು

ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಸಮುದ್ರವೆಂದರೆ ಭೂಪಟದಲ್ಲಿ ಬಳಿದ ನೀಲಿ ಎಂದುಕೊಂಡಿದ್ದ ನಮ್ಮ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ, ಕಡಲಲ್ಲಿ ಮುಳುಗು ಹಾಕುವವರ ಕನ್ನಡಕ ಹಾಕಿಕೊಂಡು ಈರುಳ್ಳಿ ಹೆಚ್ಚುವ ಒಬ್ಬನಿದ್ದ. ಪಳನಣ್ಣ. ರಬ್ಬರ್ ಪಟ್ಟಿಯ ಆ ಕನ್ನಡಕ ಅವನ ಮುಖದ ಮುಕ್ಕಾಲು ಭಾಗ ನುಂಗುತ್ತಿತ್ತು. ಮಿಕ್ಕಿದ್ದನ್ನು ಮೀಸೆ ನೋಡಿಕೊಳ್ಳುತ್ತಿತ್ತು.

ಪ್ರಾಯದಲ್ಲಿ ಅವನು ತೂತ್ತುಕುಡಿಯಲ್ಲಿ ಶಂಖಕ್ಕೆ ಮುಳುಗುತ್ತಿದ್ದನಂತೆ. ಅಲ್ಲಿನ ಕಾಲೇಜು ಮೇಷ್ಟ್ರೊಬ್ಬರು, ಶಂಖ ಬಿಟ್ಟು ಕಡಲ ಗೊಣ್ಣೆಹುಳು ನೋಡಿ ಬಾ ಎಂದರಂತೆ. ಚಿಪ್ಪಿಲ್ಲದ ಬಸವನಹುಳು ಅದು. ನಮ್ಮ ಬಚ್ಚಲಲ್ಲಿ ಕಂಡರೆ ಅವ್ವ ಉಪ್ಪು ಸುರಿಯುತ್ತಾಳೆ. ಕಡಲಲ್ಲಿ ಮಾತ್ರ ಬೆರಳುದ್ದದ ಮೈತುಂಬ ಮದುವೆಮನೆಯ ಬಣ್ಣಗಳಂತೆ.

"ಸೀರೆ ನೋಡ್ದಂಗೆ ನೋಡ್ಬೇಕು ಕಣ್ಲಾ," ಎನ್ನುತ್ತಿದ್ದ. "ಮೊದ್ಲು ಒಡಲು, ಆಮೇಲೆ ಅಂಚು, ಕೊನೇಲಿ ಸೆರಗು. ಬೆನ್ನಿನ ತುದೀಲಿ ಊವಿನಂಗೆ ಕಿವಿರು ಅಳ್ಳಾಡ್ತದಲ್ಲ, ಅದೇ ಸೆರಗು. ಮೂರೂ ನೋಡ್ದೆ ಎಸ್ರು ಯೋಳ್ಬ್ಯಾಡ. ಮುಟ್ಲೂಬ್ಯಾಡ."

ಯಳಂದೂರಿನಿಂದ ಮಗಳ ಮದುವೆ ಸೀರೆಗೆ ಬಂದ ಹೆಂಗಸಿಗೂ ಮಗ್ಗದ ಮೇಲಿನ ಸೀರೆ ತೋರಿಸಿ ಹೇಳಿದ: "ಇಂತದ್ದೇ ಗೊಣ್ಣೆಹುಳ ನೋಡಿವ್ನಿ ಕಣವ್ವ, ಎಲ್ಡಾಳುದ್ದ ಕೆಳ್ಗೆ. ಬಲು ಲಕ್ಷಣವಾಗಿತ್ತು." ಆಕೆ ಹೊರಟ ವೇಗಕ್ಕೆ ಬಸ್ಸೇ ಬೇಕಾಗಿರಲಿಲ್ಲ.

ಸ್ಪಿರಿಟ್ಟಿನ ಸೀಸೆಯಲ್ಲಿಟ್ಟರೆ ಹುಳುವಿನ ಬಣ್ಣ ಹಾರಿಹೋಗುತ್ತದೆ. ಅದಕ್ಕೇ ಪಳನಣ್ಣ ನೀರಿನಿಂದ ಎದ್ದ ಕೂಡಲೇ ಊರಿಂದ ಒಯ್ದಿದ್ದ ರೇಷ್ಮೆಯಲ್ಲಿ ಆಯಾ ಬಣ್ಣದ ಎಳೆ ಆರಿಸಿ ರಟ್ಟಿಗೆ ಸುತ್ತುತ್ತಿದ್ದ. ಅಂಥ ಒಂದು ರಟ್ಟು ಅವನ ತಗಡಿನ ಡಬ್ಬಿಯಲ್ಲಿತ್ತು: ನೀಲಿ ಒಡಲು, ಹಳದಿ ಅಂಚು, ಕೆಂಪು ಸೆರಗು. ಆ ಹುಳುವನ್ನು ಅವನೊಬ್ಬನೇ ಕಂಡಿದ್ದು, ಒಂದೇ ಸಲ. ಬೀದಿಯಲ್ಲಿ ಯಾರು ಸುಳ್ಳು ಹೇಳಿದರೂ "ಪಳನಣ್ಣನ ಹುಳ ಬುಟ್ಟ" ಎನ್ನುವುದು ರೂಢಿಯಾಯಿತು. ಅದನ್ನು ಶುರು ಮಾಡಿದ ಮಹಾನುಭಾವ ಯಾರೆಂದು ನನ್ನ ಬಾಯಿಂದಲೇ ಹೇಳಿಕೊಳ್ಳಲು ಸಂಕೋಚ.

ಒಂದು ದಿನ ಮೇಷ್ಟ್ರ ಕಾಗದ ಬಂತು. ಅಂಥದೇ ಹುಳು ಜೀವಂತ ಸಿಕ್ಕಿದೆ, ರಟ್ಟು ತಾ. ಬಣ್ಣ ಕೂಡಿದರೆ ಮೊದಲು ಕಂಡವನು ನೀನೇ ಎಂದು ಪುಸ್ತಕದಲ್ಲಿ ಬರೆಯುತ್ತೇನೆ ಅಂತ. ಪಳನಣ್ಣ ಅದನ್ನು ಮನೆಮನೆಗೂ ಓದಿದ. ನಮ್ಮ ಮನೆಗೆ ಎರಡು ಸಲ.

"ಈಗ್ ನಗ್ರಲಾ ನೋಡವ," ಎಂದ.

ಅದೇ ವಾರ ನನಗೊಂದು ಜೀರ್ಜಿಂಬೆ ಸಿಕ್ಕಿತ್ತು. ಹಸಿರು ಬೆನ್ನಿನ ಆ ರಾಜಕುಮಾರನನ್ನು ಹತ್ತಿದಾರದಲ್ಲಿ ಹಾರಿಸುವುದೆಂದರೆ ಮರ್ಯಾದೆಯೇ? ಪಳನಣ್ಣನ ಡಬ್ಬಿಯ ರಟ್ಟಿನಿಂದ ಆ ಹೊಳೆಯುವ ಹಳದಿ ಎಳೆ ಬಿಚ್ಚಿಕೊಂಡು, ನಮ್ಮ ಮಗ್ಗದ ಹಳದಿ ಸುತ್ತಿಟ್ಟೆ. ಹಳದಿ ಅಂದಮೇಲೆ ಹಳದಿ ತಾನೇ?

ರಟ್ಟು ಹಿಡಿದು ತೂತ್ತುಕುಡಿಗೆ ಹೋದ ಪಳನಣ್ಣ ನಾಲ್ಕು ದಿನಕ್ಕೆ ವಾಪಸ್ಸು ಬಂದ. ತೊಟ್ಟಿಯಲ್ಲಿ ಹರಿದಾಡುತ್ತಿದ್ದ ಹುಳುವಿನ ಪಕ್ಕ ರಟ್ಟು ಹಿಡಿದು ಮೇಷ್ಟ್ರು, ಅಂಚು ಬೇರೆ, ನಿನ್ನದಲ್ಲ ಎಂದರಂತೆ. ಬೀದಿ ಒಂದು ವಾರ ನಕ್ಕಿತು. ಅವನು ಮನೆ ಖಾಲಿ ಮಾಡಿ ಮಾರ್ಟಳ್ಳಿಯ ಮಗಳ ಮನೆಗೆ ಹೊರಟ. ಬಸ್ ಸ್ಟ್ಯಾಂಡಿಗೆ ಗಂಟು ಹೊತ್ತವನು ನಾನೇ.

"ರಟ್ ಸುತ್ತೋವಾಗ್ಲೇ ನನ್ ಕಣ್ಣು ಮೋಸ ಮಾಡೈತೆ ಕಣ್ಲಾ," ಎಂದ. "ನೀವ್ ನಕ್ಕಿದ್ರಲ್ಲಿ ತಪ್ಪಿಲ್ಲ." ಬಸ್ಸು ಹತ್ತುವ ಮುಂಚೆ ಕನ್ನಡಕ ನನ್ನ ಕೈಗಿಟ್ಟ. "ಈರುಳ್ಳಿಗಾಯ್ತದೆ, ಮಡಿಕ್ಕೊ."

ಅದನ್ನು ಹಾಕಿಕೊಂಡು ಈರುಳ್ಳಿ ಹೆಚ್ಚಿದರೂ ಕಣ್ಣಲ್ಲಿ ನೀರು ಬರುತ್ತದೆ. ರಬ್ಬರ್ ಹಳೆಯದಾಗಿರಬೇಕು.

ಅದಿರಲಿ, ಜೀರ್ಜಿಂಬೆ ಎಷ್ಟು ಎತ್ತರ ಹಾರಿತೆಂದರೆ

ಇಷ್ಟು ಬರೆಯುವಷ್ಟರಲ್ಲಿ ಅಪ್ಪ ಒಳಗೆ ಬಂದ. ಕೈಯಲ್ಲಿ ನಾನು ಜೀರ್ಜಿಂಬೆ ಇಟ್ಟಿದ್ದ ಬೆಂಕಿಪೊಟ್ಟಣ. ಹುಳು ಸತ್ತು ಎಷ್ಟೋ ದಿನವಾಗಿತ್ತು. ಅದರ ಕೊರಳಿನ ಎಳೆ ಮಾತ್ರ ಹಾಗೇ ಹೊಳೆಯುತ್ತಿತ್ತು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಈ ಅಳದಿ ನಮ್ ಮಗ್ಗದ್ದಲ್ಲ."

ನಾನು ಪುಸ್ತಕ ಮುಚ್ಚಿದೆ.

"ಏಳ್ಲಾ. ಆ ಕನ್ನಡಕಾನೂ ತಕ್ಕೊ. ಮಾರ್ಟಳ್ಳಿ ಬಸ್ಸು ಬರೋ ಒತ್ತಾಯ್ತು."